ಅಮಲು, ವೇಗ ಮತ್ತು ಶಿಕ್ಷೆಯ ಪ್ರಶ್ನೆ

ಬಳ್ಳಾರಿ ರಸ್ತೆಯಲ್ಲಿ ಬೆಳಗಿನ ಜಾವಕ್ಕೆ ಎರಡು ಬೆಂಗಳೂರುಗಳು ಎದುರುಬದುರಾಗುತ್ತವೆ. ಒಂದು, ರಾತ್ರಿಯನ್ನು ಮುಗಿಸಿಕೊಂಡು ಮನೆಗೆ ಹೊರಟ ಬೆಂಗಳೂರು. ಇನ್ನೊಂದು, ಹಗಲನ್ನು ಶುರು ಮಾಡಲು ಮನೆ ಬಿಟ್ಟು ಬಂದ ಬೆಂಗಳೂರು. ಮೊದಲನೆಯದು ಗಾಜು ಏರಿಸಿದ ಕಾರಿನೊಳಗಿದೆ. ಎರಡನೆಯದು ಕಾಲ ಮೇಲಿದೆ. ಹೆಬ್ಬಾಳದಲ್ಲಿ ಪೊರಕೆ ಹಿಡಿದು ನಿಂತ ಪೌರಕಾರ್ಮಿಕ ಹೆಂಗಸು, ಕೊಡಿಗೇಹಳ್ಳಿಯ ಕಡೆ ಕೂಲಿಗೆ ಕಾಯುವ ಗಾರೆ ಕೆಲಸದವರು, ಯಲಹಂಕದಲ್ಲಿ ಹಾಲಿನ ಕ್ರೇಟು ಇಳಿಸುವ ಹುಡುಗ, ಯಶವಂತಪುರದ ಮಾರುಕಟ್ಟೆಗೆ ಮೂಟೆ ಹೊರಲು ಹೊರಟ ಹಮಾಲಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ರಸ್ತೆ ಅಗಲವಾಯಿತು, ಕಂಬಗಳ ಮೇಲೇರಿತು, ವೇಗ ಪಡೆಯಿತು. ಆದರೆ ರಸ್ತೆಯ ಎರಡೂ ಬದಿಗಿದ್ದ ಊರುಗಳು ಎಲ್ಲಿಗೂ ಹೋಗಲಿಲ್ಲ. ನಿನ್ನೆಯವರೆಗೆ ನಾಲ್ಕು ಹೆಜ್ಜೆಯಲ್ಲಿ ದಾಟುತ್ತಿದ್ದ ದಾರಿಯನ್ನು ಜನ ಇವತ್ತು ಜೀವ ಕೈಯಲ್ಲಿ ಹಿಡಿದು ದಾಟಬೇಕಾಗಿದೆ.

ಗುದ್ದುವವನೂ ಗುದ್ದಿಸಿಕೊಳ್ಳುವವನೂ ಒಂದೇ ರಸ್ತೆಯಲ್ಲಿದ್ದಾರೆ. ಒಂದೇ ಸಮಾಜದಲ್ಲಿ ಇಲ್ಲ. ಕುಡಿದು ವಾಹನ ಓಡಿಸುವವನಿಗೆ ಶಿಕ್ಷೆ ಹೆಚ್ಚಿಸಬೇಕು ಎಂಬ ಕೂಗನ್ನು ನಾವು ಈ ಮಾತಿನಿಂದಲೇ ಪರೀಕ್ಷಿಸಬೇಕು.

ದೊಡ್ಡ ಸಾವು ಸಂಭವಿಸಿದಾಗಲೆಲ್ಲ ಈ ಕೂಗು ಏಳುತ್ತದೆ. ಸರಕಾರಗಳೂ ಕಿವುಡಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿ ಬಂತು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇದ್ದರೆ ಮೊದಲ ಸಲಕ್ಕೆ 2000 ರೂಪಾಯಿವರೆಗೆ ಇದ್ದ ದಂಡ 10,000 ಆಯಿತು, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲಕ್ಕೆ 15,000 ರೂಪಾಯಿ, ಇಲ್ಲವೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡೂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಜಾಗರೂಕತೆಯಿಂದ ಸಾವು ತಂದವನಿಗೆ ಇದ್ದ ಎರಡು ವರ್ಷದ ಮಿತಿ ಐದು ವರ್ಷಕ್ಕೆ ಏರಿತು. ಅದೇ ವರ್ಷದ ಆಗಸ್ಟ್ 1ರಿಂದ ಗಂಟೆಗೆ 130 ಕಿಲೋಮೀಟರ್ ಮೀರಿ ಓಡಿಸಿದವರ ಮೇಲೆ ಎಫ್‌ಐಆರ್ ಹಾಕುತ್ತೇವೆ ಎಂದು ಕರ್ನಾಟಕದ ಪೊಲೀಸರು ಸಾರಿದರು. ಕಾಗದದ ಮೇಲೆ ಶಿಕ್ಷೆ ಬೆಳೆದಿದೆ. ಶಿಕ್ಷೆ ಬೆಳೆದ ಮಾತ್ರಕ್ಕೆ ನ್ಯಾಯವೂ ಬೆಳೆಯಿತೆ?

*

ಮೊದಲು ಬುಡದ ಪ್ರಶ್ನೆ. ಕುಡಿದವನಿಗೆ ಹೆಚ್ಚು ಶಿಕ್ಷೆ ಯಾಕೆ ಕೊಡಬೇಕು? ಅವನಿಗೆ ಆಗ ಪ್ರಜ್ಞೆಯೇ ಇರಲಿಲ್ಲವಲ್ಲ? ಪ್ರಜ್ಞೆ ಇಲ್ಲದವನು ಮಾಡಿದ್ದಕ್ಕೆ ಅವನು ಹೊಣೆ ಹೇಗಾಗುತ್ತಾನೆ? ನಮ್ಮ ಹಳ್ಳಿ ಪಂಚಾಯಿತಿಗಳಲ್ಲಿ ಇದನ್ನು ಎಷ್ಟು ಸಲ ಕೇಳಿಲ್ಲ: 'ಹೋಗ್ಲಿ ಬಿಡಿ ಸ್ವಾಮಿ, ಕುಡ್ದಿದ್ದ, ಗೊತ್ತಾಗ್ಲಿಲ್ಲ.' ಹೆಂಡತಿಯ ತಲೆ ಒಡೆದವನಿಗೂ ಈ ಮಾತು, ಕೇರಿಗೆ ನುಗ್ಗಿ ಕಲ್ಲು ಹೊಡೆದವನಿಗೂ ಈ ಮಾತು.

ಪ್ರಶ್ನೆ ಹಳೆಯದು. ಗ್ರೀಸಿನ ಮಿಟಿಲೀನ್ ಎಂಬ ಊರಿನ ಪಿಟಾಕಸ್ ಎಂಬಾತ, ಕುಡಿದು ತಪ್ಪು ಮಾಡಿದವನಿಗೆ ಕುಡಿಯದೆ ಮಾಡಿದವನಿಗಿಂತ ಹೆಚ್ಚು ಶಿಕ್ಷೆ ಎಂದು ಕಾನೂನು ಮಾಡಿದ್ದ. ಅರಿಸ್ಟಾಟಲ್ ಇದಕ್ಕೆ ಕಾರಣ ಕೊಡುತ್ತಾನೆ: ಕುಡಿದ ಮೇಲೆ ಅವನ ಕೈಲಿ ಏನೂ ಇರಲಿಲ್ಲ ನಿಜ, ಆದರೆ ಕುಡಿಯದೆ ಇರುವುದು ಅವನ ಕೈಲಿತ್ತು. ನಮ್ಮ ದಂಡ ಸಂಹಿತೆಯೂ 1860ರಿಂದ ಇದನ್ನೇ ಬೇರೆ ಮಾತಿನಲ್ಲಿ ಹೇಳಿಕೊಂಡು ಬಂದಿದೆ. ಬಲವಂತವಾಗಿಯೋ ತಿಳಿಯದಂತೆಯೋ ಯಾರಾದರೂ ಕುಡಿಸಿದ್ದರೆ ಒಂದು ಮಾತು. ತಾನೇ ಕುಡಿದವನಿಗೆ ಮಾತ್ರ, ಕುಡಿಯದಿದ್ದರೆ ಇರಬೇಕಾಗಿದ್ದ ತಿಳಿವಳಿಕೆ ಇತ್ತು ಎಂದೇ ಕಾನೂನು ಲೆಕ್ಕ ಹಾಕುತ್ತದೆ.

ನಮಗೆ ಹತ್ತಿರವಾದ ದಾರಿಯೊಂದು ಇದೆ. ಬುದ್ಧನ ಪಂಚಶೀಲದ ಐದನೆಯದು ಮದ್ಯದ ಬಗ್ಗೆ ಇರುವುದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ತಮ್ಮ ಜನರಿಂದ ಮಾಡಿಸಿದ 22 ಪ್ರತಿಜ್ಞೆಗಳಲ್ಲೂ ಮದ್ಯ ಸೇವಿಸುವುದಿಲ್ಲ ಎಂಬುದಿದೆ. ಬುದ್ಧ ಮದ್ಯವನ್ನು ಮೈಲಿಗೆ ಎಂದು ಬಿಡಲು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಮಡಿ ಮೈಲಿಗೆಯ ಮಾತು ಬೇರೆಯವರದು. ಬುದ್ಧ ಕೊಟ್ಟ ಕಾರಣ 'ಪ್ರಮಾದ'. ಮದ್ಯ ಪ್ರಮಾದದ ನೆಲೆ. ಪ್ರಮಾದ ಎಂದರೆ ಎಚ್ಚರಗೇಡಿತನ. ಎದುರಿಗೆ ಇನ್ನೊಂದು ಜೀವ ಇದೆ ಎಂಬ ಎಚ್ಚರವನ್ನು ಕಳೆದುಕೊಳ್ಳುವುದು. ಕನ್ನಡದಲ್ಲಿ ನಾವು ಪ್ರಮಾದ ಎಂಬ ಮಾತನ್ನು 'ಅಯ್ಯೋ, ಪ್ರಮಾದವಾಯ್ತು' ಎಂದು ಬಾಯಿ ತಪ್ಪಿ ಆದ ಸಣ್ಣ ತಪ್ಪಿಗೆ ಬಳಸಿ ಸವೆಸಿದ್ದೇವೆ. ಬೌದ್ಧರಲ್ಲಿ ಅದು ತಾನಾಗಿ ಆಗುವ ತಪ್ಪಲ್ಲ, ಮನುಷ್ಯ ತಾನೇ ಕಾಲಿಡುವ ಸ್ಥಿತಿ. ಈ ಅರ್ಥ ಹಿಡಿದರೆ ಕುಡಿದು ಓಡಿಸುವವನೂ, ಕುಡಿಯದೆ 130ರಲ್ಲಿ ಓಡಿಸುವವನೂ ಒಂದೇ ತಪ್ಪು ಮಾಡುತ್ತಿದ್ದಾರೆ. ಒಬ್ಬನಿಗೆ ಬಾಟಲಿ ಅಮಲು, ಇನ್ನೊಬ್ಬನಿಗೆ ಎಂಜಿನ್ನಿನ ಅಮಲು. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಸಾವಿಗೆ ಸರಕಾರದ ಲೆಕ್ಕವೇ ಬರೆದ ಕಾರಣ ಅತಿವೇಗ. ಸತ್ತವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ನಡೆದು ಹೋಗುತ್ತಿದ್ದವರು. ಕುಡಿತದ ಲೆಕ್ಕ ತೀರಾ ಸಣ್ಣದಾಗಿ ಕಾಣುತ್ತದೆ. ರಕ್ತ ಪರೀಕ್ಷೆ ಆ ಹೊತ್ತಿಗೇ ಆಗದಿದ್ದರೆ ಅಮಲು ಲೆಕ್ಕಕ್ಕೇ ಬರುವುದಿಲ್ಲ ಎಂಬುದನ್ನು ಮರೆಯಬಾರದು.

ಆದ್ದರಿಂದ ಹೆಚ್ಚಿನ ಶಿಕ್ಷೆಗೆ ನೈತಿಕವಾದ ಬುಡ ಇದೆ. ಕುಡಿದವನಿಗೆ ಕರುಣೆ ತೋರಿಸಿ ಎನ್ನುವವರು ಯಾರ ಕಡೆ ನಿಂತು ಹಾಗೆ ಹೇಳುತ್ತಿದ್ದಾರೆ ಎಂದು ಕೇಳಲು ನಮಗೆ ಹಕ್ಕಿದೆ.

*

2006ರ ನವೆಂಬರ್ 12ರ ಬೆಳಗಿನ ಜಾವ ಮುಂಬಯಿಯ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಕಾರೊಂದು ಫುಟ್‌ಪಾತ್ ಹತ್ತಿತು. ಅಲ್ಲಿ ಮಲಗಿದ್ದವರು ಕೂಲಿಕಾರರು. ಏಳು ಜನ ಸತ್ತರು, ಎಂಟು ಜನ ಗಾಯಗೊಂಡರು. ಓಡಿಸಿದವನ ರಕ್ತದಲ್ಲಿ ಮಿತಿಯ ಮೂರು ಪಟ್ಟಿಗೂ ಹೆಚ್ಚು ಮದ್ಯ ಇತ್ತು. ಕೆಳಗಿನ ಕೋರ್ಟು ಆರು ತಿಂಗಳು ಕೊಟ್ಟಿತು. ಏಳು ಜೀವಕ್ಕೆ ಆರು ತಿಂಗಳು! ಹೈಕೋರ್ಟು ಅದನ್ನು ಮೂರು ವರ್ಷಕ್ಕೆ ಏರಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಇದು ಬರೀ ಅಜಾಗರೂಕತೆ ಅಲ್ಲ, ಸಾವು ಬರಬಹುದು ಎಂದು ಗೊತ್ತಿದ್ದೂ ಮಾಡಿದ ಕೃತ್ಯ ಎಂದಿತು. ಮೂರು ವರ್ಷ ತೀರಾ ಕಡಿಮೆ ಎಂದೂ ಹೇಳಿತು. ಆದರೆ ಹೆಚ್ಚಿಸಲಿಲ್ಲ. ಹೆಚ್ಚಿಸಿ ಎಂದು ಸರಕಾರ ಕೇಳಿಯೇ ಇರಲಿಲ್ಲ.

ಆ ಏಳು ಜನರ ಪರವಾಗಿ ಕೇಳಬೇಕಾಗಿದ್ದ ಸರಕಾರಕ್ಕೆ ಬಾಯಿ ಬರಲಿಲ್ಲ. ಅದೇ ಬಾಂದ್ರಾದಲ್ಲಿ 2002ರಲ್ಲಿ ನಡೆದ ಇನ್ನೊಂದು ಪ್ರಕರಣದಲ್ಲಿ 2015ರ ಮೇ ತಿಂಗಳಲ್ಲಿ ಸಿನಿಮಾ ನಟನಿಗೆ ಐದು ವರ್ಷ ಶಿಕ್ಷೆಯಾದಾಗ, ರಸ್ತೆಯಲ್ಲಿ ನಾಯಿಯಂತೆ ಮಲಗುವವರು ನಾಯಿಯಂತೆಯೇ ಸಾಯುತ್ತಾರೆ ಎಂಬ ಅರ್ಥದ ಮಾತನ್ನು ಹಾಡುಗಾರನೊಬ್ಬ ಊರಿಗೆಲ್ಲ ಸಾರಿದ. ಆ ವರ್ಷದ ಡಿಸೆಂಬರಿನಲ್ಲಿ ಹೈಕೋರ್ಟು ನಟನನ್ನು ಬಿಡುಗಡೆ ಮಾಡಿತು. ಹಾಡುಗಾರನದು ಒಬ್ಬನ ನಾಲಿಗೆ ಅಲ್ಲ. 'ಅವರು ಅಲ್ಲಿ ಯಾಕೆ ಮಲಗಿದ್ದರು?' 'ಆ ಹೊತ್ತಿನಲ್ಲಿ ರಸ್ತೆ ಯಾಕೆ ದಾಟುತ್ತಿದ್ದರು?' ಎಂದು ಸತ್ತವರನ್ನೇ ಕಟಕಟೆಯಲ್ಲಿ ನಿಲ್ಲಿಸುವ ಮನಸ್ಸು ನಮಗೆ ಹೊಸತಲ್ಲ. ನೀನು ಈ ಬೀದಿಗೆ ಯಾಕೆ ಬಂದೆ? ಚಪ್ಪಲಿ ಮೆಟ್ಟಿಕೊಂಡು ಯಾಕೆ ಬಂದೆ? ನಮ್ಮ ತಾತಂದಿರಿಗೆ ಊರ ಬೀದಿಯಲ್ಲಿ ಕೇಳಿದ್ದ ಪ್ರಶ್ನೆ ಇದು. 1924ರಲ್ಲಿ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ದೇವರ ದರ್ಶನಕ್ಕಲ್ಲ, ಗುಡಿಯ ಸುತ್ತಲಿನ ರಸ್ತೆಯಲ್ಲಿ ನಡೆಯುವ ಹಕ್ಕಿಗೆ. ಜಾತಿ ಕಾಯುತ್ತಿದ್ದ ರಸ್ತೆಯನ್ನು ಈಗ ವೇಗ ಕಾಯುತ್ತಿದೆ. ಆಗ ಬೀದಿಯಿಂದ ಹೊರಗಿಟ್ಟವರು, ಈಗ ಬೀದಿಯಲ್ಲೇ ಹಾಯ್ದು ಹೋಗುತ್ತಾರೆ.

*

ಇನ್ನು ದಂಡದ ವಿಷಯ. ಎಲ್ಲರಿಗೂ 10,000. ಇದು ಸಮಾನತೆ ಅಲ್ಲವೆ ಎಂದು ಕೇಳುವವರಿದ್ದಾರೆ. ಆರ್.ಟಿ. ನಗರದ ಗ್ಯಾರೇಜಿನಲ್ಲಿ ದುಡಿಯುವ ಹುಡುಗ ಒಂದು ರಾತ್ರಿ ಕುಡಿದು ಮೊಪೆಡ್ ಓಡಿಸಿ ಸಿಕ್ಕಿಬಿದ್ದರೆ 10,000 ರೂಪಾಯಿ ಎಂದರೆ ಅವನ ಮನೆಯ ಬಾಡಿಗೆ, ಅಕ್ಕಿ, ಮಗುವಿನ ಫೀಸು. ಕೋಟಿ ರೂಪಾಯಿಯ ಕಾರಿನವನಿಗೆ ಅದು ಆ ರಾತ್ರಿಯ ಬಿಲ್ಲಿನ ಒಂದು ಭಾಗ. ಒಬ್ಬನಿಗೆ ದಂಡ, ಇನ್ನೊಬ್ಬನಿಗೆ ಟಿಕೆಟ್ಟು. ದುಡ್ಡು ಕಟ್ಟಿ ವೇಗವನ್ನು ಕೊಂಡುಕೊಳ್ಳಬಹುದಾದರೆ ಅದನ್ನು ಕಾನೂನು ಅನ್ನುವುದು ಹೇಗೆ?

ಫಿನ್‌ಲ್ಯಾಂಡ್ ದೇಶದಲ್ಲಿ 1921ರಿಂದ ಬೇರೆ ಪದ್ಧತಿ ಇದೆ. ಅಲ್ಲಿ ದಂಡವನ್ನು ದಿನದ ಲೆಕ್ಕದಲ್ಲಿ ಹಾಕುತ್ತಾರೆ. ತಪ್ಪಿಗೆ ತಕ್ಕಂತೆ ಇಷ್ಟು ದಿನ, ಆ ದಿನಗಳ ಬೆಲೆ ಅವನವನ ಆದಾಯದಂತೆ. 2023ರಲ್ಲಿ ಅಲ್ಲಿನ ಒಬ್ಬ ಸಿರಿವಂತ 50ರ ಮಿತಿಯಲ್ಲಿ 82ರಲ್ಲಿ ಓಡಿಸಿದ್ದಕ್ಕೆ 1,21,000 ಯೂರೋ ದಂಡ ಕಟ್ಟಬೇಕಾಯಿತು. ನಮ್ಮ ಲೆಕ್ಕದಲ್ಲಿ ಕೋಟಿ ಮೀರಿತು.

ಇದಕ್ಕೆ ನಮ್ಮವರೇ ಒಂದು ಆಕ್ಷೇಪ ಎತ್ತಬಹುದು, ಅದು ಹಗುರವಾದದ್ದಲ್ಲ. ಒಂದೇ ತಪ್ಪಿಗೆ ಆಳು ನೋಡಿ ಬೇರೆ ಬೇರೆ ದಂಡ ಹಾಕುವುದು ಮನುವಿನ ಪದ್ಧತಿ ಅಲ್ಲವೆ? ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲಿ ಬ್ರಾಹ್ಮಣನನ್ನು ಬೈದ ಕ್ಷತ್ರಿಯನಿಗೆ 100 ಪಣ, ವೈಶ್ಯನಿಗೆ 150 ಅಥವಾ 200, ಶೂದ್ರನಿಗೆ ದೇಹದಂಡನೆ. ಇದನ್ನೇ ಅಲ್ಲವೆ 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಸುಟ್ಟದ್ದು? ಕಾನೂನಿನ ಮುಂದೆ ಎಲ್ಲರೂ ಒಂದೇ ಎಂದು ಸಂವಿಧಾನದಲ್ಲಿ ಬರೆಸಿಕೊಂಡ ನಾವೇ ಈಗ ಬೇರೆ ಬೇರೆ ದಂಡ ಕೇಳಬಹುದೆ?

ಕೇಳಬಹುದು. ಮನು ಹುಟ್ಟನ್ನು ನೋಡುತ್ತಾನೆ, ಕೆಳಗೆ ಇಳಿದಷ್ಟೂ ನೋವು ಹೆಚ್ಚಿಸುತ್ತಾನೆ. ಅವನ ತಕ್ಕಡಿಯಲ್ಲಿ ಮನುಷ್ಯರೇ ಬೇರೆ ಬೇರೆ ತೂಕದವರು. ದಿನದ ಲೆಕ್ಕದ ದಂಡ ಮನುಷ್ಯರನ್ನು ಒಂದೇ ತೂಕಕ್ಕೆ ತರುತ್ತದೆ. ನಿನ್ನ ಹತ್ತು ದಿನದ ದುಡಿಮೆ, ನನ್ನ ಹತ್ತು ದಿನದ ದುಡಿಮೆ. ಕಿತ್ತುಕೊಳ್ಳುವುದು ಬದುಕಿನ ಅಷ್ಟೇ ಭಾಗವನ್ನು. ಎಲ್ಲರಿಗೂ ಒಂದೇ ರೂಪಾಯಿ ಎನ್ನುವ ಈಗಿನ ದಂಡವೇ, ನೋಡಲು ಸಂವಿಧಾನದಂತೆ ಕಂಡರೂ, ತಾಗುವಾಗ ಮನುವಿನಂತೆ ತಾಗುತ್ತದೆ: ಮೇಲಿದ್ದವನಿಗೆ ಮೆಲ್ಲಗೆ, ಕೆಳಗಿದ್ದವನಿಗೆ ಬಲವಾಗಿ.

ಸತ್ತವನ ಲೆಕ್ಕದಲ್ಲಿ ಮಾತ್ರ ಕಾನೂನು ಆದಾಯವನ್ನು ಮರೆಯುವುದಿಲ್ಲ! ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲಿ ಸತ್ತವನ ವರ್ಷದ ಆದಾಯವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. 2009ರಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಪಟ್ಟಿಯಂತೆ 36ರಿಂದ 40 ವಯಸ್ಸಿನವರಿಗೆ 15. ತಿಂಗಳಿಗೆ 15,000 ತರುತ್ತಿದ್ದವಳ ಜೀವವೂ ಒಂದೂವರೆ ಲಕ್ಷ ತರುತ್ತಿದ್ದವನ ಜೀವವೂ ಈ ಲೆಕ್ಕದಲ್ಲಿ ಹತ್ತು ಪಟ್ಟು ದೂರ. ಗುದ್ದಿ ಓಡಿಹೋದ ವಾಹನ ಸಿಗದೇ ಹೋದರೆ 2022ರ ಏಪ್ರಿಲ್‌ನಿಂದ ಎರಡು ಲಕ್ಷ. ಅದಕ್ಕೆ ಮುಂಚೆ 25,000. ಕುಟುಂಬ ಕಳೆದುಕೊಂಡ ದುಡಿಮೆಯನ್ನು ತುಂಬಿಕೊಡುವುದು ಬೇಡ ಎಂದು ಯಾರೂ ಹೇಳುವುದಿಲ್ಲ. ಆದರೆ ನೋಡಿ: ಕೊಂದವನಿಂದ ವಸೂಲು ಮಾಡುವಾಗ ಎಲ್ಲರೂ ಸಮಾನರು, ಸತ್ತವರಿಗೆ ಕೊಡುವಾಗ ಅವರವರ ಅಂತಸ್ತು. ಇದು ಯಾವ ಊರಿನ ನ್ಯಾಯ?

*

ಬಾಬಾಸಾಹೇಬರ ಬದುಕಿನಲ್ಲೂ ಒಂದು ಅಪಘಾತ ಇದೆ. 1929ರ ಅಕ್ಟೋಬರ್ 23. ಚಾಳೀಸ್‌ಗಾಂವ್ ನಿಲ್ದಾಣದಲ್ಲಿ ಇಳಿದ ಅವರನ್ನು ಅಸ್ಪೃಶ್ಯರ ಕೇರಿಗೆ ಕರೆದೊಯ್ಯಲು ಟಾಂಗಾ ಬೇಕಿತ್ತು. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಲು ಟಾಂಗಾದವರು ಒಪ್ಪಲಿಲ್ಲ. ಗಾಡಿ ಕೊಡುತ್ತೇವೆ, ಓಡಿಸುವುದಿಲ್ಲ ಎಂದರು. ಕೊನೆಗೆ ಯಾವತ್ತೂ ಟಾಂಗಾ ಓಡಿಸದ ಕೇರಿಯವನೇ ಲಗಾಮು ಹಿಡಿದ. ಮೋರಿಯ ಬಳಿ ಗಾಡಿ ಕೆಟ್ಟಿತು, ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಬ್ಯಾರಿಸ್ಟರಾದರೂ ಟಾಂಗಾದವನ ಕಣ್ಣಿಗೆ ತಾನು ಕೀಳೇ ಎಂಬುದು ಅವರಿಗೆ ಆ ದಿನ ಮತ್ತೊಮ್ಮೆ ತಿಳಿಯಿತು.

ಪೊಲೀಸರ ಪಂಚನಾಮೆ ಬರೆದರೆ ಅದರಲ್ಲಿ ತಪ್ಪಿತಸ್ಥ ಯಾರು? ಲಗಾಮು ಹಿಡಿದ ಕೇರಿಯವನು. ಬಾಬಾಸಾಹೇಬರು ಅವನ ಮೇಲೆ ಆ ತಪ್ಪು ಹೊರಿಸಲಿಲ್ಲ. ಅವನ ಕೈಗೆ ಲಗಾಮು ಕೊಟ್ಟ ವ್ಯವಸ್ಥೆಯನ್ನು ಎತ್ತಿ ತೋರಿಸಿದರು. ಇದನ್ನು ಇವತ್ತಿನ ರಸ್ತೆಗೆ ತನ್ನಿ. ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಪಡೆಯುವ ಟಿಪ್ಪರ್ ಡ್ರೈವರ್ ಯಾಕೆ ಓಡುತ್ತಾನೆ? ವಿಮಾನ ನಿಲ್ದಾಣಕ್ಕೆ ಸಾಲದ ಕಂತಿನ ಕಾರು ಓಡಿಸುವವನು ನಿದ್ದೆಗೆಟ್ಟು ಯಾಕೆ ಸ್ಟಿಯರಿಂಗ್ ಹಿಡಿಯುತ್ತಾನೆ? ಹತ್ತು ನಿಮಿಷದಲ್ಲಿ ತಲುಪಿಸಬೇಕಾದ ಚೀಲ ಬೆನ್ನಿಗೆ ಕಟ್ಟಿಕೊಂಡ ಹುಡುಗನ ಸಿಗ್ನಲ್ ಜಿಗಿತ ಅವನೊಬ್ಬನದೆ? ಅವರು ಗುದ್ದಿದರೆ ಸಾಯುವುದೂ ನಮ್ಮವರೇ. ಅದಕ್ಕೆ ಅವರಿಗೆ ಹೊಣೆ ಇಲ್ಲ ಎನ್ನಲಾಗದು. ಆದರೆ ವೇಗದಿಂದ ಲಾಭ ಪಡೆಯುವವನನ್ನು ಬಿಟ್ಟು ವೇಗವಾಗಿ ಓಡಿದವನನ್ನು ಮಾತ್ರ ಹಿಡಿದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಹೊಸ ಸಂಹಿತೆಯಲ್ಲಿ ಗುದ್ದಿ ಓಡಿಹೋದವನಿಗೆ ಹತ್ತು ವರ್ಷ ಎಂದು ಬರೆದಾಗ, 2024ರ ಜನವರಿಯಲ್ಲಿ ಲಾರಿ ಡ್ರೈವರುಗಳು ದೇಶದ ಹಲವೆಡೆ ಗಾಡಿ ನಿಲ್ಲಿಸಿದರು. ನಿಂತರೆ ಜನ ಹೊಡೆದು ಕೊಲ್ಲುತ್ತಾರೆ, ಓಡಿದರೆ ಹತ್ತು ವರ್ಷ ಎಂಬುದು ಅವರ ಸಂಕಟ. ಆ ಕಲಮನ್ನು ಸರಕಾರ ಜಾರಿಗೆ ತರದೆ ತಡೆಹಿಡಿಯಿತು.

ಇನ್ನೊಂದು ಕಡೆ 2024ರ ಮೇ 19ರಂದು ಪುಣೆಯಲ್ಲಿ ವಯಸ್ಸಿಗೆ ಬಾರದ ಹುಡುಗನ ಕೈಲಿದ್ದ ಪೋರ್ಶೆ ಕಾರು ಇಬ್ಬರನ್ನು ಕೊಂದಿತು. ಜಾಮೀನಿಗೆ ಮೊದಲು ಹಾಕಿದ ಷರತ್ತುಗಳಲ್ಲಿ ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕೆಂಬುದೂ ಒಂದು. ಜನ ರೊಚ್ಚಿಗೆದ್ದ ಮೇಲೆ ಆ ಆದೇಶ ಬದಲಾಯಿತು. ರಕ್ತದ ಮಾದರಿ ಬದಲಿಸಿದ ಆರೋಪದ ಮೇಲೆ ವೈದ್ಯರ ಬಂಧನವಾಯಿತು. ತಪ್ಪನ್ನು ಮನೆಯ ಡ್ರೈವರನ ತಲೆಗೆ ಕಟ್ಟಲು ಒತ್ತಾಯಿಸಿದರು ಎಂಬ ಆರೋಪವೂ ಬಂತು. ಶಿಕ್ಷೆ ಎಷ್ಟು ಕಠಿಣವಾದರೆ ಅದನ್ನು ಹೊರಲು ಇನ್ನೊಬ್ಬನನ್ನು ಹುಡುಕುವ ಆಸೆ ಅಷ್ಟೇ ಹೆಚ್ಚುತ್ತದೆ. ಹೊರುವವನು ಯಾವ ಕೇರಿಯವನಾಗಿರುತ್ತಾನೆ ಎಂದು ಬಿಡಿಸಿ ಹೇಳಬೇಕೆ?

ಲಾಭ ಪಡೆಯುವವರ ಸಾಲಿನಲ್ಲಿ ಸರಕಾರವೂ ಇದೆ. 2025-26ರ ಕರ್ನಾಟಕದ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕೆಂದು ಇಟ್ಟ ಗುರಿ 40,000 ಕೋಟಿ ರೂಪಾಯಿ. ಹೆಂಡಕ್ಕೆ ಗುರಿ ಇಡುವ ಸರಕಾರ ಅಮಲಿಗೆ ದಂಡ ಹಾಕುತ್ತದೆ, ಎರಡು ಕೈಯಲ್ಲೂ ದುಡ್ಡು. 2007ರ ಜುಲೈ 1ರಂದು ಸಾರಾಯಿ ನಿಷೇಧವಾಯಿತು. ನಿಂತದ್ದು ಬಡವನ ಪ್ಯಾಕೆಟ್ಟು, ಸೀಸೆಯ ವ್ಯಾಪಾರ ನಿಲ್ಲಲಿಲ್ಲ. 2016ರ ಡಿಸೆಂಬರ್‌ನಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದ ಅಂಗಡಿ ಇರಕೂಡದು ಎಂದು ಸುಪ್ರೀಂ ಕೋರ್ಟು ಆದೇಶ ಕೊಟ್ಟಾಗ, ಹೆದ್ದಾರಿಯ ಹೆಸರನ್ನೇ ಕಿತ್ತು ಅದನ್ನು ಬರೀ ರಸ್ತೆ ಎಂದು ಕರೆದ ಆಡಳಿತಗಳು ಈ ದೇಶದಲ್ಲಿವೆ. 2017ರಲ್ಲಿ ಆ ಆದೇಶ ನಗರಸಭೆಗಳ ಗಡಿಯೊಳಗೆ ಅನ್ವಯಿಸದು ಎಂದಾಯಿತು. ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ದಲಿತ ಸಂಘರ್ಷ ಸಮಿತಿ ಹಿಂದೆ ಕೂಗಿದ್ದು ಇದೇ ಅಬಕಾರಿ ರಾಜಕಾರಣದ ಎದುರು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಎಂದು ನಡೆದು ಬಂದರು. ಆ ನಡಿಗೆಯಲ್ಲಿದ್ದ ಒಬ್ಬ ತಾಯಿ ಹಾದಿಯಲ್ಲೇ ಬೈಕು ಗುದ್ದಿ ತೀರಿಕೊಂಡಳು. ಸರಕಾರಕ್ಕೆ ಕೇಳಿಸಬೇಕೆಂದು ಬಂದವಳು ಊರು ಸೇರಲಿಲ್ಲ.

*

ಕಠಿಣ ಕಾನೂನು ನಮಗೆ ಹೊಸದಲ್ಲ. 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂತು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಕಾನೂನಿನಲ್ಲಿ ಶಿಕ್ಷೆ ಕಡಿಮೆ ಇತ್ತೆ? ಇರಲಿಲ್ಲ. ಸಾಕ್ಷಿ ಹೇಳುವವರಿಗೆ ಊರಲ್ಲಿ ಬದುಕುವ ಧೈರ್ಯ ಇರಲಿಲ್ಲ. ಶಿಕ್ಷೆಯ ಕ್ರೌರ್ಯಕ್ಕಿಂತ ಅದು ತಪ್ಪದೆ ಬರುತ್ತದೆ ಎಂಬ ಖಚಿತತೆಯೇ ಅಪರಾಧವನ್ನು ತಡೆಯುವುದು ಎಂದು ಇಟಲಿಯ ಬೆಕಾರಿಯಾ 1764ರಲ್ಲೇ ಬರೆದ. ಅದಕ್ಕೆ ಕಂಬಾಲಪಲ್ಲಿಗಿಂತ ದೊಡ್ಡ ಪುರಾವೆ ಬೇಕಿಲ್ಲ. ಶಿಕ್ಷೆಯನ್ನು ಹಿಗ್ಗಿಸಿ ಖಚಿತತೆಯನ್ನು ಕುಗ್ಗಿಸಿದರೆ, ಹಿಗ್ಗಿದ ಭಾಗವೆಲ್ಲ ಲಂಚಕ್ಕೆ ಮಾರುಕಟ್ಟೆ. 2022ರ ಲೆಕ್ಕದಂತೆ ದೇಶದ ಜೈಲುಗಳಲ್ಲಿ ಇದ್ದ ನಾಲ್ವರಲ್ಲಿ ಮೂವರು ವಿಚಾರಣೆ ಮುಗಿಯದವರು. ಜಾಮೀನಿಗೆ ಆಸ್ತಿ ಇಲ್ಲದವರು ಯಾರು ಎಂಬುದು ಗೊತ್ತಿರುವ ನಾವು, ಇನ್ನಷ್ಟು ಜೈಲು ಎಂದು ಕಣ್ಣು ಮುಚ್ಚಿ ಕೂಗಲಾರೆವು.

ಹಾಗಂತ ಸುಮ್ಮನಿರುವುದೂ ಆಗದು. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ವೀರಗಲ್ಲೊಂದು ಸಿಕ್ಕಿತು. ಸುಮಾರು ಕ್ರಿ.ಶ. 750ರದು, ಗಂಗ ದೊರೆ ಶ್ರೀಪುರುಷನ ಕಾಲದ್ದು. ಊರ ಮೇಲೆ ಬಿದ್ದವರ ಜೊತೆ ಹೋರಾಡಿ ಸತ್ತ ಕಿತ್ತಯ್ಯನ ಹೆಸರು ಅದರಲ್ಲಿದೆ. ಊರಿಗಾಗಿ ಸತ್ತವನ ಹೆಸರು 1200 ವರ್ಷ ದಾಟಿಯೂ ಕಲ್ಲಿನಲ್ಲಿ ಉಳಿದಿದೆ. ಅದೇ ಹೆಬ್ಬಾಳದ ರಸ್ತೆ ಗುಡಿಸುತ್ತ, ಮೂಟೆ ಹೊರುತ್ತ, ಈ ಊರನ್ನು ದಿನಾ ಬೆಳಿಗ್ಗೆ ಎಬ್ಬಿಸುವವರು ಸತ್ತರೆ ಪತ್ರಿಕೆಯಲ್ಲಿ 'ಪಾದಚಾರಿ ಸಾವು' ಎಂದು ಎರಡು ಸಾಲು. ಹೆಸರೂ ಇರುವುದಿಲ್ಲ. 2023ರಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ 900ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಜನರಿಗೆ ಈ ಊರು ಏನು ಉತ್ತರ ಕೊಟ್ಟಿದೆ?

ಆದ್ದರಿಂದ ನಮ್ಮ ನಿಲುವು ಇದು. ಕುಡಿದು ಓಡಿಸುವುದು, ಹುಚ್ಚು ವೇಗದಲ್ಲಿ ಓಡಿಸುವುದು ಅಪಘಾತವಲ್ಲ, ತಿಳಿದೂ ಮಾಡುವ ಅಪರಾಧ. ಅದಕ್ಕೆ ಹೆಚ್ಚಿನ ಶಿಕ್ಷೆ ನ್ಯಾಯ. ಆದರೆ ದಂಡ ಆದಾಯವನ್ನು ನೋಡಿ ಬೀಳಬೇಕು. ತಪಾಸಣೆ ಕಾರಿನ ಬೆಲೆ ನೋಡದೆ ನಡೆಯಬೇಕು. ವೇಗಕ್ಕೆ ಹಚ್ಚಿದ ಮಾಲೀಕ, ಗುತ್ತಿಗೆದಾರ, ಕಂಪನಿ ಡ್ರೈವರನ ಪಕ್ಕದಲ್ಲೇ ಕಟಕಟೆಯಲ್ಲಿ ನಿಲ್ಲಬೇಕು. ಸತ್ತವರ ಪರವಾಗಿ ಮೇಲ್ಮನವಿ ಹಾಕದ ಸರಕಾರ ಅದಕ್ಕೆ ಕಾರಣ ಹೇಳಬೇಕು. ರಸ್ತೆಯನ್ನು ಕಾರಿನ ಸಲುವಾಗಿ ಮೇಲೇರಿಸುವ ಮೊದಲು ಅದನ್ನು ಕಾಲಲ್ಲಿ ದಾಟುವವರನ್ನು ಕೇಳಬೇಕು. ಅಬಕಾರಿಯ ಗುರಿ ಇಳಿಯದ ತನಕ ಕುಡಿತದ ವಿರುದ್ಧ ಸರಕಾರ ಹೇಳುವ ನೀತಿಪಾಠವನ್ನು ನಾವು ನಂಬಬೇಕಾಗಿಲ್ಲ.

ಇದನ್ನು ಓದುವ ಮೇಷ್ಟ್ರುಗಳು, ವಿದ್ಯಾರ್ಥಿಗಳು ತಮ್ಮ ಊರ ಹತ್ತಿರದ ಹೆದ್ದಾರಿಯಲ್ಲಿ ಕಳೆದ ಐದು ವರ್ಷದಲ್ಲಿ ಸತ್ತವರ ಹೆಸರುಗಳನ್ನು ಬರೆದಿಡಲಿ. ಯಾರು, ಯಾವ ಕೇರಿ, ಯಾವ ಕೆಲಸಕ್ಕೆ ಹೊರಟಿದ್ದರು, ಗುದ್ದಿದ ಗಾಡಿ ಯಾರದು, ಕೇಸು ಏನಾಯಿತು. ಆ ಪಟ್ಟಿ ಹಿಡಿದು ತಾಲ್ಲೂಕು ಕಚೇರಿ ಎದುರು ಕೂತರೆ, ಶಿಕ್ಷೆ ಯಾರಿಗೆ, ಎಷ್ಟು ಎಂಬ ಮಾತನ್ನು ನಾವು ಅಲ್ಲಿಂದ ಶುರು ಮಾಡಬಹುದು.